ಮಿಸ್ ಕಹಕಶಾನ್ ಹಾಡಿದ ಹನ್ನೆರಡು ಹಾಡು

ರೀಲು ಒಂದೇ ಎಳೆತಕ್ಕೆ ಬರಲಿಲ್ಲ. ಉಮಾದೇವಿ ಹಿತ್ತಲಿನ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕ್ಯಾಸೆಟ್ಟಿನೊಳಗಿನ ಕಂದು ಪಟ್ಟಿಯನ್ನು ಮೊಳ ಮೊಳವಾಗಿ ಎಳೆದು ಬೆಂಕಿಗೆ ಹಾಕಿದಳು. ಕೊನೆಗೆ ಡಬ್ಬಿಯನ್ನೂ ಹಾಕಿದಳು. ಅದರ ಮೇಲಿನ ಚೀಟಿ ಸುರುಟಿಕೊಂಡಿತು: 'ಹಳೆಯ ಮಧುರ ಗೀತೆಗಳು. ಗಾಯನ: ಮಿಸ್ ಕಹಕಶಾನ್.' ಮೂವತ್ತೊಂದು ವರ್ಷದ ಸಿಟ್ಟು ಸುಡಲು ಐದು ನಿಮಿಷ ಸಾಕಾಯಿತು.

ಕೈ ತೊಳೆದುಕೊಂಡಳು. ಒಳಕೋಣೆಯಲ್ಲಿ ಗಂಡ ಅಂಬರೀಶ ನಿದ್ದೆಯಲ್ಲಿದ್ದ. ಅವನ ಬಳಿ ಕೂರಲು ಪಕ್ಕದ ಮನೆಯ ದುರುಗಮ್ಮನನ್ನು ಕರೆದು, ಮಾನ್ವಿ ಬಸ್ ನಿಲ್ದಾಣಕ್ಕೆ ಹೊರಟಳು. ಸುಟ್ಟದ್ದು ಹಾಡು ಮಾತ್ರ. ಹಾಡಿದವಳ ಮುಖವನ್ನು ಒಮ್ಮೆ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

ಅಂಬರೀಶ ಕಲ್ಲೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದ. ತಿಂಗಳ ಹಿಂದೆ ವೈದ್ಯರು ಅವನ ಗಂಟಲು ಕೊಯ್ದು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಏನು ಬೇಕಾದರೂ ಪಾಟಿಯ ಮೇಲೆ ಬರೆಯುತ್ತಿದ್ದ. ನೀರು. ಗಂಜಿ. ಫ್ಯಾನು. ನಿನ್ನೆ ಮಧ್ಯಾಹ್ನ ಬಳಪ ಹಿಡಿದು ಬಹಳ ಹೊತ್ತು ಕೂತವನು ಬರೆದದ್ದು ಒಂದೇ ಪದ: ಕಹಕಶಾನ್. ಹಗಲೂ ರಾತ್ರಿ ಅವನ ಕಫ ಒರೆಸುತ್ತಿದ್ದವಳು ಉಮಾದೇವಿ. ಅವಳ ಹೆಸರನ್ನು ಅವನು ಒಂದು ಸಲವೂ ಬರೆದಿರಲಿಲ್ಲ.

ಕ್ಯಾಸೆಟ್ಟಿನಲ್ಲಿದ್ದ ಹನ್ನೆರಡು ಸಿನಿಮಾ ಹಾಡುಗಳನ್ನು ಮೊದಲು ಹಾಡಿದವರು ದೊಡ್ಡವರು. ರೇಡಿಯೊದಲ್ಲಿ ಬಂದು ಬಂದು ಊರಿಗೆಲ್ಲ ಬಾಯಿಪಾಠವಾದ ಹಾಡುಗಳು. ಕಹಕಶಾನ್ ಅವನ್ನೇ ಮತ್ತೆ ಹಾಡಿದ್ದಳು, ಆದರೆ ಆತುರವಿಲ್ಲದೆ. ಎಲ್ಲರೂ ದನಿ ಏರಿಸುವ ಕಡೆ ಅವಳು ಇಳಿಸುತ್ತಿದ್ದಳು. ಅಳುವ ಹಾಡನ್ನು ಅಳದೆ ಹಾಡುತ್ತಿದ್ದಳು, ಅಳುವ ಕೆಲಸವನ್ನು ಕೇಳುವವರಿಗೆ ಬಿಟ್ಟು. ಉಮಾದೇವಿಯೂ ಎಷ್ಟೋ ಸಲ ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಸಂಕಟ ಅದೇ. ಆ ಹೆಂಗಸು ಕೆಟ್ಟದಾಗಿ ಹಾಡಿದ್ದರೆ ಕ್ಷಮಿಸಿಬಿಡಬಹುದಿತ್ತು.

ಪ್ರತಿ ಭಾನುವಾರ ಊಟವಾದ ಮೇಲೆ ಅಂಬರೀಶ ಕಣ್ಣು ಮುಚ್ಚಿ ಆ ಕ್ಯಾಸೆಟ್ ಕೇಳುತ್ತಿದ್ದ. ಬರೀ ಕೇಳಿದ್ದರೆ ಬೇರೆ ಮಾತು. ತಪ್ಪುಗಳನ್ನೂ ಎತ್ತಿ ತೋರಿಸುತ್ತಿದ್ದ.

"ಇಲ್ಲಿ ಉಸಿರು ಸಾಲಲಿಲ್ಲ ನೋಡು ಆಕಿಗೆ. ಅವತ್ತು ಜ್ವರ ಇತ್ತು."

ಜ್ವರವೂ ಗೊತ್ತು ಇವರಿಗೆ, ಎಂದು ಉಮಾದೇವಿ ಹಲ್ಲು ಕಚ್ಚುತ್ತಿದ್ದಳು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು.

"ಆಕಿ ಈಗ ಎಲ್ಲಿದ್ದಾಳ್ರಿ?"

"ನಮ್ಮ ಮದುವಿ ದಿನಾನ ಸತ್ತಳು," ಎಂದು ಅವನು ನಕ್ಕಿದ್ದ. ಸತ್ತವರ ಬಗ್ಗೆ ಯಾರಾದರೂ ಹಾಗೆ ನಗುತ್ತಾರೆಯೇ?

ಹೆಣ್ಣು ನೋಡಲು ಬಂದಾಗ ಅವನು ರಾಯಚೂರಿನ ಅಮೀರ್ ಸಾಬರ ಆರ್ಕೆಸ್ಟ್ರಾದ ಜೊತೆ ದೇವದುರ್ಗದಿಂದ ಗಿಲ್ಲೆಸುಗೂರಿನವರೆಗೆ ತಿರುಗುತ್ತಿದ್ದ. ಅಲ್ಲಿ ಏನು ಕೆಲಸವೆಂದು ಅವಳ ಅಣ್ಣ ಕೇಳಿದ್ದಕ್ಕೆ, "ಏನ ಹೇಳಿದ್ರ ಅದನ್ನ ಮಾಡ್ತೀನ್ರಿ," ಎಂದಿದ್ದ. ಹಾಡುವ ಹೆಂಗಸರ ಸಹವಾಸ ಬೇಡ, ಆರ್ಕೆಸ್ಟ್ರಾ ಬಿಟ್ಟರೆ ಮಾತ್ರ ಮದುವೆ ಎಂದು ಷರತ್ತು ಹಾಕಿದವಳು ಉಮಾದೇವಿಯೇ. ಅವನು ಮರುಮಾತಿಲ್ಲದೆ ಬಿಟ್ಟ. ಹಾಗೆ ಬಿಟ್ಟದ್ದೇ ಅವಳ ಅನುಮಾನವನ್ನು ಬೆಳೆಸಿತು. ಮನಸ್ಸಿನಲ್ಲಿ ಏನೂ ಇಲ್ಲದವನು ಒಂದಿಷ್ಟಾದರೂ ಜಗಳವಾಡುತ್ತಿದ್ದ.

ರಾಯಚೂರಿನ ತೀನ್ ಕಂದಿಲ್ ಹತ್ತಿರ ಅಮೀರ್ ಸಾಬರ ಮೈಕ್‌ಸೆಟ್ ಅಂಗಡಿ ಸಿಗುವುದು ಕಷ್ಟವಾಗಲಿಲ್ಲ. ಎಂಬತ್ತು ದಾಟಿದ ಮುದುಕ ಒಬ್ಬನೇ ಕೂತು ವೈರು ಸುತ್ತುತ್ತಿದ್ದ.

"ಮಾನ್ವಿ ಅಂಬರೀಶ ಮಾಸ್ತರರ ಮನಿಯವ್ರು ನಾವು. ಕಹಕಶಾನ್ ಎಲ್ಲಿರ್ತಾಳ್ರಿ?"

ಮುದುಕನ ಮುಖ ಅರಳಿತು. "ಅರೇ! ನೀವ ಬಂದು ನನ್ನ ಕೇಳಾಕತ್ತೀರೇನು, ಯವ್ವಾ?" ಎಂದು ನಗತೊಡಗಿದ.

ಊರಿಗೆಲ್ಲ ಗೊತ್ತಿದ್ದದ್ದು ತನಗೊಬ್ಬಳಿಗೇ ಗೊತ್ತಿಲ್ಲ. ಉಮಾದೇವಿಯ ಮೈ ಉರಿಯಿತು.

"ನಗಬ್ಯಾಡ್ರಿ ಸಾಹೇಬ್ರ. ಆಪರೇಷನ್ ಮಾಡಿ ಅವರ ಗಂಟಲಾಗಿಂದು ತೆಗದಾರ. ಇನ್ನ ಮಾತು ಬರಂಗಿಲ್ಲ. ಅಷ್ಟಾದ್ರೂ ಪಾಟಿ ಮ್ಯಾಲೆ ಆಕಿ ಹೆಸರ ಬರೀತಾರ. ಆಕಿ ಮಾರಿ ಒಮ್ಮೆ ತೋರಸ್ರಿ, ಸಾಕು."

ಅಮೀರ್ ಸಾಬನ ಕೈಯಿಂದ ವೈರು ಜಾರಿತು. "ಯಾ ಅಲ್ಲಾ," ಎಂದು ಕಣ್ಣು ಮುಚ್ಚಿದ. ಆಮೇಲೆ ಎದ್ದು ಗೋಡೆಯ ಮೇಲಿದ್ದ ಫೋಟೊ ಇಳಿಸಿ, ತೋಳಿನಿಂದ ಧೂಳು ಒರೆಸಿ ಅವಳ ಮುಂದಿಟ್ಟ. ಒಂದೇ ಬಣ್ಣದ ಅಂಗಿ ತೊಟ್ಟ ಏಳು ಹುಡುಗರು, ಡೋಲಕ್, ಬ್ಯಾಂಜೊ, ಮೈಕು. ಮೇಲೆ 'ಅಮೀರ್ ಮೆಲೋಡಿ ಪಾರ್ಟಿ, ರಾಯಚೂರು' ಎಂಬ ಬ್ಯಾನರು.

ಉಮಾದೇವಿ ಎರಡು ಸಲ ಹುಡುಕಿದಳು.

"ಇದರಾಗ ಹೆಂಗಸರ ಇಲ್ಲಲ್ರಿ."

"ಆ ಕಾಲದಾಗ ನಮ್ಮ ಕಡಿ ಯಾರು ಮಗಳನ್ನ ಸ್ಟೇಜಿಗಿ ಕಳಸ್ತಿದ್ರು, ಯವ್ವಾ? ಹೆಣ್ಣ ದನಿ ತಗದು ಹುಡುಗನ ಹಾಡ್ತಿದ್ದ. ಚೀಟಿ ಮ್ಯಾಲೆ ಹೆಣ್ಣ ಹೆಸರ ಇರ್ಲಿ ಅಂತ ನಾನ ಬರಸಿದ್ದೆ. 'ನಿನ್ನ ಹೇಣ್ತಿಗಿ ಹೇಳಲೇ' ಅಂದ್ರ, 'ನಗ್ತಾಳ ಕಾಕಾ, ಬ್ಯಾಡ' ಅಂತಿದ್ದ." ಅಮೀರ್ ಸಾಬ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದ ಹುಡುಗನ ಮೇಲೆ ಬೆರಳಿಟ್ಟ. ಅದು ಅಂಬರೀಶ.

"ನನ್ನ ಹತ್ರ ಇದ್ದ ಕ್ಯಾಸೆಟ್ ಎಲ್ಲಾ ಬೂಷ್ಟು ಹಿಡದು ಹಾಳಾದವು. ನಿಮ್ಮ ಮನ್ಯಾಗಿಂದು ಜ್ವಾಪಾನ ಮಾಡ್ರಿ, ಯವ್ವಾ. ಅವನ ದನಿ ಇನ್ನ ಅದರಾಗ ಅಷ್ಟ ಉಳದದ."