ಕೊನೆಯ ಹಾಳೆ ಇಲ್ಲದ ಪುಸ್ತಕಗಳು

ಐದನೆಯ ಪುಸ್ತಕ! ಗ್ರಂಥಪಾಲಕಿ ಹಿಂದಿನ ರಟ್ಟು ಬಿಡಿಸಿ ಹೊಲಿಗೆಯ ಹತ್ತಿರ ಬೆರಳಾಡಿಸಿದಳು. ಕೊನೆಯ ಎರಡು ಹಾಳೆಗಳನ್ನು ಯಾರೋ ಬ್ಲೇಡಿನಿಂದ ಕೊಯ್ದು ತೆಗೆದಿದ್ದರು. ಎಷ್ಟು ನಾಜೂಕೆಂದರೆ, ಹುಡುಕುವವರ ಕಣ್ಣಿಗೆ ಮಾತ್ರ ಬೀಳಬೇಕು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಐದೂ ಹದಿಹರೆಯದವರ ವಿಭಾಗದ ಕಾದಂಬರಿಗಳು. ಐದೂ ಒಂದೇ ಕಾರ್ಡಿನ ಮೇಲೆ ಹೋಗಿ ಬಂದಂಥವು. ಆ ಕಾರ್ಡು 'ವಿಮರ್ಶಕಿ'ಯದು.

ಹದಿಮೂರು ವರ್ಷದ ಆ ಹುಡುಗಿಗೆ ಹಾಗೆಂದು ಹೆಸರಿಟ್ಟವಳು ಗ್ರಂಥಪಾಲಕಿಯೇ. ಎಳೆಯ ಓದುಗರು ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಬಾಗಿಲ ಬಳಿಯ ಹಲಗೆಗೆ ಅಂಟಿಸುವುದು ಅಲ್ಲಿನ ರೂಢಿ. ಉಳಿದ ಮಕ್ಕಳು 'ಚೆನ್ನಾಗಿದೆ' ಎಂದು ಗೀಚಿ ಕೈತೊಳೆದುಕೊಂಡರೆ, ಈಕೆ ಲೇಖಕರ ಬೆವರಿಳಿಸುತ್ತಿದ್ದಳು. 'ಈ ಕಥೆಯ ಅಪ್ಪ ಬಾಯಿ ಬಿಟ್ಟರೆ ಉಪದೇಶ. ಇಂಥ ಅಪ್ಪ ಇದ್ದಿದ್ದರೆ ನಾನೂ ಮನೆ ಬಿಟ್ಟು ಓಡುತ್ತಿದ್ದೆ.' 'ಲೇಖಕರು ಕೊನೆಯ ಸಲ ಹದಿಮೂರು ವರ್ಷದವರನ್ನು ನೋಡಿದ್ದು ತಮಗೆ ಹದಿಮೂರಾಗಿದ್ದಾಗ ಇರಬೇಕು.' ದೊಡ್ಡವರೂ ನಿಂತು ಓದಿ ನಗುತ್ತಿದ್ದರು.

ಈಚಿನ ಐದು ಚೀಟಿಗಳದು ಮಾತ್ರ ಬೇರೆಯೇ ವರಸೆ. 'ಮುಕ್ತಾಯ ಅದ್ಭುತ. ಹುಡುಗಿ ಆಸ್ಪತ್ರೆಗೆ ಹೊರಡುತ್ತಾಳೆ, ಅಷ್ಟೇ. ಮುಂದಿನದನ್ನು ನಾವೇ ಯೋಚಿಸಬೇಕು.' ಐದಕ್ಕೂ ಇಂಥದೇ ಹೊಗಳಿಕೆ. ಕೊಯ್ಯುವವಳೂ ತಾನೇ, ಹೊಗಳುವವಳೂ ತಾನೇ! ಎಂಥ ಕಿಲಾಡಿ!

"ಸಂಜೆಯೊಳಗೆ ಕಾರ್ಡು ರದ್ದು ಮಾಡಿ. ಇನ್ನು ಆ ಹುಡುಗಿ ಈ ಕಟ್ಟಡದೊಳಗೆ ಕಾಲಿಡಕೂಡದು" ಎಂದು ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಗ್ರಂಥಪಾಲಕಿಗೆ ಕೋಪದ ಜೊತೆಗೆ ಸಂಕಟವೂ ಆಯಿತು. ವಾರಕ್ಕೊಮ್ಮೆ ಇಲ್ಲಿಗೆ ಬರುವುದೊಂದೇ ಆ ಹುಡುಗಿಯ ಸಂಭ್ರಮ ಎಂದು ಅವಳಿಗೆ ಗೊತ್ತಿತ್ತು.

ನಾಲ್ಕು ಗಂಟೆಗೆ ಅಕ್ಕತಂಗಿಯರು ಬಂದರು. ಪುಸ್ತಕದ ಚೀಲ ಹೊತ್ತ ಅಕ್ಕ ಮುಂದೆ; ಇಪ್ಪತ್ತರ ಹುಡುಗಿ, ಅತ್ತತ್ತು ಊದಿದ ಕಣ್ಣು. ತಂಗಿ ಎಂದಿನಂತೆ ಅರ್ಧ ಮೆಟ್ಟಿಲಲ್ಲಿ ಕೂತು, ಸುಧಾರಿಸಿಕೊಂಡು ಹತ್ತಿದಳು. ಪುಸ್ತಕದ ಹುಳಕ್ಕೆ ಆಟವೆಲ್ಲಿ, ಓಟವೆಲ್ಲಿ! ಅಕ್ಕ ಕಪಾಟುಗಳ ಕಡೆ ಹೋದದ್ದೇ ತಡ, ಗ್ರಂಥಪಾಲಕಿ ತಂಗಿಯನ್ನು ಪುಸ್ತಕ ರಿಪೇರಿಯ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಏನಮ್ಮಾ ಇದು?"

ಹುಡುಗಿ ಕೊಯ್ದ ಅಂಚನ್ನು ನೋಡಿದಳು. ಬೆಚ್ಚಲಿಲ್ಲ. "ಮೆಲ್ಲಗೆ ಮೇಡಂ. ಅಕ್ಕನಿಗೆ ಕೇಳಿಸುತ್ತೆ."

"ಕೇಳಿಸಲಿ! ನಿನ್ನ ಘನಕಾರ್ಯ ಅವಳಿಗೂ ಗೊತ್ತಾಗಲಿ."

"ಕೊಯ್ದಿದ್ದು ಅಕ್ಕಾನೇ."

ಗ್ರಂಥಪಾಲಕಿ ಕುರ್ಚಿ ಎಳೆದು ಅವಳೆದುರು ಕೂತಳು.

"ಯಾವ ಪುಸ್ತಕ ಆದ್ರೂ ಮೊದಲು ಅವಳು ಓದಿ ಆಮೇಲೆ ನನಗೆ ಕೊಡ್ತಾಳೆ. ಹಾಳೆ ಇಲ್ಲ ಅಂತ ನನಗೆ ಮೊದಲ್ನೇ ಸಲಾನೇ ಗೊತ್ತಾಯ್ತು. ನಮ್ಮ ಶಾಲೇಲೂ ಈ ಪುಸ್ತಕಗಳಿವೆ. ಅಲ್ಲಿ ನೋಡಿದೆ. ಐದರಲ್ಲೂ ಕಾಯಿಲೆ ಹುಡುಗಿ ಕೊನೇಲಿ ಸಾಯ್ತಾಳೆ."

"ಮತ್ತೆ ಮುಕ್ತಾಯ ಅದ್ಭುತ ಅಂತ ಬರೆದೆಯಲ್ಲೇ!"

"ಆ ಹಲಗೆ ಅಕ್ಕ ಓದ್ತಾಳಲ್ಲ. ನನಗೇನೂ ಗೊತ್ತಾಗಿಲ್ಲ ಅಂದ್ಕೊಂಡಿರ್ಲಿ ಅಂತ." ಹುಡುಗಿಯ ಮೂಗು ಕೆಂಪಾಯಿತು. "ನಿಜವಾದ ಅಭಿಪ್ರಾಯ ಬೇಕಾ? ಈ ಲೇಖಕರಿಗೆ ನಾಚಿಕೆ ಆಗ್ಬೇಕು. ಕಾಯಿಲೆಯವಳಿಗೆ ಸಾಯೋದು ಬಿಟ್ರೆ ಬೇರೆ ಕೆಲಸಾನೇ ಕೊಡಲ್ಲ. ಅವಳು ಸಾಯ್ಬೇಕು, ಅದನ್ನ ನೋಡಿ ಉಳಿದೋರೆಲ್ಲ ಒಳ್ಳೆಯೋರಾಗ್ಬೇಕು. ಥೂ! ಅಕ್ಕ ಕೊಯ್ದಿದ್ದೇ ಸರಿ."

"ಅವಳು ಯಾಕಮ್ಮಾ ಕೊಯ್ಯಬೇಕು?"

ಹುಡುಗಿ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಅಕ್ಕನಿಗೆ ಏನೋ ದೊಡ್ಡ ಕಾಯಿಲೆ ಇದೆ ಮೇಡಂ. ನನಗೆ ಯಾರೂ ಹೇಳ್ತಿಲ್ಲ. ಸುಮ್ಮನೆ ಕಾಲೇಜು ಬಿಟ್ಬಿಟ್ಳು. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ನಾನು ಹೋದ್ರೆ ಅಪ್ಪ ಅಮ್ಮ ಮಾತು ನಿಲ್ಲಿಸ್ತಾರೆ. ನನಗೆ ರಕ್ತ ಕಡಿಮೆ ಅಂತ ಡಾಕ್ಟರ ಹತ್ರ ಹೋದಾಗಲೂ ನನ್ನ ಹೊರಗೆ ಕೂರಿಸಿ, ಅವಳೇ ಅರ್ಧ ಗಂಟೆ ಮಾತಾಡ್ತಾಳೆ. ಸಾಯೋ ಹುಡುಗಿ ಕಥೆ ಅವಳು ಹೇಗೆ ತಡ್ಕೋತಾಳೆ, ನೀವೇ ಹೇಳಿ."

ಕೋಪವೆಲ್ಲ ಎಲ್ಲಿ ಹೋಯಿತೋ! ಗ್ರಂಥಪಾಲಕಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು.

"ನಾನೇ ಕೊಯ್ದೆ ಅಂತ ಬರ್ಕೊಳ್ಳಿ. ಕಾರ್ಡು ಬೇಕಾದ್ರೆ ತಗೊಳ್ಳಿ. ಅವಳನ್ನ ಮಾತ್ರ ಬೈಬೇಡಿ ಮೇಡಂ. ದಮ್ಮಯ್ಯ."

ಕಾರ್ಡು ರದ್ದು ಮಾಡುವ ಮಾತೇ ಇಲ್ಲ. ಮೇಲಧಿಕಾರಿ ಹಾರಾಡಿದರೆ ಹಾರಾಡಲಿ. ಹುಡುಗಿಯನ್ನು ಅಲ್ಲೇ ಕೂರಿಸಿ, ಕಣ್ಣೊರೆಸಿಕೊಂಡು ಗ್ರಂಥಪಾಲಕಿ ಹೊರಗೆ ಬಂದಳು.

ಕಪಾಟುಗಳ ನಡುವೆ ಅಕ್ಕ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಹೊಸ ಕಾದಂಬರಿ. ಅದರ ಕೊನೆಯ ಪುಟವನ್ನೇ ಮೊದಲು ಓದುತ್ತಿದ್ದಳು. ಗ್ರಂಥಪಾಲಕಿ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಹಾಳೆಗಳ ವಿಷಯ ಬಿಡಮ್ಮಾ, ನಾನು ನೋಡ್ಕೋತೀನಿ. ನನಗೆ ಎಲ್ಲಾ ಗೊತ್ತಾಯ್ತು."

ಅಕ್ಕನ ಮುಖ ಬಿಳಿಚಿಕೊಂಡಿತು. "ತಂಗಿಗೆ? ಅವಳಿಗೂ ಗೊತ್ತಾಯ್ತಾ?"

"ಪಾಪ, ಅವಳಿಗೆ ನಿನ್ನದೇ ಚಿಂತೆ. ನೀನು ಧೈರ್ಯ ಕೆಡಬೇಡ. ಔಷಧಿ ಸರಿಯಾಗಿ ತಗೋ. ಎಂಥೆಂಥ ಕಾಯಿಲೆಯೋ ಈಗ ವಾಸಿಯಾಗುತ್ತೆ."

ಅಕ್ಕ ಅವಳನ್ನೇ ನೋಡಿದಳು. ರಿಪೇರಿ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದಳು. ಆಮೇಲೆ ತುಟಿಯಷ್ಟೇ ಅಲುಗಿತು.

"ನನಗೇನೂ ಆಗಿಲ್ಲ ಮೇಡಂ. ಕಾಯಿಲೆ ಇರೋದು ಅವಳಿಗೆ."