ಬಾಡಿಗೆಯವನು

ದರ್ಜಿ ಅಕ್ಕ ಬಿದ್ದ ಸೂಜಿಡಬ್ಬಿ ಎತ್ತಲು ಬಗ್ಗಿ, ಊರೇ ನಡುಗುವ ಹಾಗೆ ಗಾಲಿಕುರ್ಚಿಯಿಂದ ಉರುಳಿದಳು. ಗುಟ್ಟಾಗಿ ಮದುವೆಯಾದ ಗಂಡ ಬಾಗಿಲಲ್ಲಿ ಕಂಬದ ಹಾಗೆ ನಿಂತೇ ಇದ್ದ. ದುಡಿಯುವ ಗಂಡನಿದ್ದಾನೆಂದು ಗೊತ್ತಾದರೆ ಅವಳ ಅಂಗವಿಕಲ ಪಿಂಚಣಿಯೂ ಹೋಗುತ್ತದೆ, ಪುಕ್ಕಟೆ ಔಷಧಿಯೂ ಹೋಗುತ್ತದೆ. "ಮನೆ ಕುಸಿದ್ರೂ ನನ್ನ ಮುಟ್ಬೇಡಿ" ಎಂದು ಬೆಳಿಗ್ಗೆ ಆಣೆ ಹಾಕಿಸಿದವಳು ಅವಳೇ.

ತಪಾಸಣೆಗೆ ಬಂದಿದ್ದ ಸಾಹೇಬನ ಮೂಗೋ, ಏಳು ಬೀದಿಯಾಚೆಯ ಗುಟ್ಟನ್ನೂ ಮೂಸುವಂಥದ್ದು. ಅವನೇ ಅವಳನ್ನು ಮೂಟೆಯಂತೆ ಎತ್ತಿ ಕೂರಿಸಿದ. "ಈ ಬಾಡಿಗೆಯವನೇ ನಿಮ್ಮ ಗಂಡ ಅಂತ ಯಾರೋ ಚಾಡಿ ಹೇಳಿದ್ರಮ್ಮಾ. ಗಂಡ ಆಗಿದ್ರೆ ಹೀಗೆ ನೋಡ್ತಾ ನಿಲ್ತಿದ್ನಾ? ಪಿಂಚಣಿಗೇನೂ ತೊಂದ್ರೆ ಇಲ್ಲ ಬಿಡಿ" ಎಂದು ನಗುತ್ತಾ ಹೊರಟ.

ಗಂಡ ಓಡಿಬಂದು, ಹಾಸಿಗೆಗೆ ಒಯ್ಯಲು ಬಗ್ಗಿದ. "ಗೆದ್ವಿ ಕಣೇ!"

ದಿನವೂ ತಾವಾಗಿಯೇ ಅವನ ಕೊರಳು ಬಳಸುತ್ತಿದ್ದ ಅವಳ ಕೈಗಳು ಮಡಿಲು ಬಿಟ್ಟೇಳಲಿಲ್ಲ.

"ಎಷ್ಟು ಚೆನ್ನಾಗಿ ನಿಂತಿದ್ರಿ" ಎಂದಳು.