ನಾನೂರ ಹನ್ನೆರಡನೆಯ ತಲೆ

“ಮಂಗಳವಾರ ಹೊತ್ತು ಹುಟ್ಟೋದ್ರೊಳಗೆ ನೀನು ಈ ಊರಾಗಿರಂಗಿಲ್ಲ. ಅಷ್ಟೇ ಕಣಮ್ಮ!”

“ಯಾಕಿರಬಾರದು? ನಾನೇನು ನಿಮ್ಮನೆ ಜಗಲಿ ಮೇಲೆ ಕೂತಿದೀನಾ?” ಕವನಾ ಅಂಚೆ ಸೀಲನ್ನು ಮೇಜಿನ ಮೇಲೆ ಕುಕ್ಕಿದಳು. “ನಾನು ಪೋಸ್ಟಾಫೀಸಿನೋಳು. ಬಿಟ್ಟು ಹೋಗಲ್ಲ.”

“ಪೋಸ್ಟಾಫೀಸು ನಿಂದು, ಊರು ನಮ್ದು!” ಊರಿನ ಯಜಮಾನ ಶಿವಯ್ಯ ಹೊಸ್ತಿಲಾಚೆಯೇ ನಿಂತು ದೊಣ್ಣೆ ಕುಟ್ಟಿದ. ಗೋಡೆಯ ಮೇಲಿದ್ದ ಬುದ್ಧನ ಪಟವನ್ನು ಒಮ್ಮೆ ದಿಟ್ಟಿಸಿದ. “ನಿಮ್ಮೋರು ಇಂಥದ್ಕೆಲ್ಲ ಬಗ್ಗಲ್ಲ ಅಂತ ಗೊತ್ತು. ಆದ್ರೆ ನೀನೊಬ್ಳು ಉಳ್ಕಂಡ್ರೆ ಊರಿಗೆ ಊರೇ ಎಕ್ಕುಟ್ಟೋಗ್ತದೆ.”

ಜೇಬಿನಿಂದ ಮಡಚಿದ ಚೀಟಿ ತೆಗೆದ. “ನಿನ್ ಮನೇಲಿ ಎಷ್ಟು ತಲೆ?”

“ನಾನೊಬ್ಬಳೇ. ಯಾಕೆ?”

“ನಿಂದೂ ಸೇರಿ ನಾನೂರ ಹನ್ನೆರಡು.” ಬರೆದುಕೊಂಡು ಹೊರಟೇಬಿಟ್ಟ.

ಅದು ಯಾವ ಲೆಕ್ಕವೋ ಕವನಾಳಿಗೆ ತಿಳಿಯಲಿಲ್ಲ. ತನ್ನ ತಲೆ ಅದರಲ್ಲಿ ಸೇರಿದೆ ಎಂಬುದು ಮಾತ್ರ ತಿಳಿಯಿತು.

ಅವಳು ಕೋಲಾರದ ಚಿನ್ನದ ಗಣಿಯ ಕಾಲೋನಿಯಲ್ಲಿ ಬೆಳೆದವಳು. ಹಾಸನದ ಕೊರವಂಗಲದಾಚೆಯ ಈ ಹಳ್ಳಿಗೆ ಪೋಸ್ಟ್‌ಮಾಸ್ಟರ್ ಆಗಿ ಬಂದು ಮೂರು ತಿಂಗಳಾಗಿತ್ತು. ಅದೇ ಊರಲ್ಲಿ ವಾಸ ಇರಬೇಕೆಂಬುದು ಹುದ್ದೆಯ ಕರಾರು. ಊರು ಬಿಟ್ಟರೆ ಕೆಲಸವೂ ಬಿಟ್ಟ ಹಾಗೆ. ಗಣಿಯ ಧೂಳು ಕುಡಿದು ಕೆಮ್ಮುತ್ತಿದ್ದ ಅಪ್ಪನ ಔಷಧಿ ಆ ಕೆಲಸದ ಮೇಲೆ ನಿಂತಿತ್ತು.

ಊರೆಲ್ಲ ಒಂದೇ ಜಾತಿಯ ಒಕ್ಕಲು ಮನೆಗಳು. ಇವಳೊಬ್ಬಳು ಬೇರೆ. ಮೊದಲ ದಿನವೇ “ನೀವು ಯಾವ ಜನ?” ಎಂದು ಕೇಳಿದ್ದರು. ಮುಚ್ಚಿಡದೆ ಹೇಳಿದ್ದಳು. ಆಮೇಲೆ ಯಾರೂ ಅವಳ ಹೊಸ್ತಿಲು ತುಳಿಯಲಿಲ್ಲ. ಅವಳ ಮನೆಯ ಮುಂಗೋಣೆಯೇ ಪೋಸ್ಟಾಫೀಸು; ಪಿಂಚಣಿಗೆ ಬಂದವರು ಕಿಟಕಿಯಿಂದಲೇ ಹೆಬ್ಬೆಟ್ಟು ಚಾಚುತ್ತಿದ್ದರು. ಎದುರು ಮನೆಯ ಲಕ್ಕಮ್ಮಜ್ಜಿ ಮಜ್ಜಿಗೆ ಕೊಟ್ಟರೂ ಪಾತ್ರೆಗೆ ಪಾತ್ರೆ ತಾಕದಂತೆ ಮೇಲಿಂದ ಸುರಿಯುತ್ತಿದ್ದಳು. ಅದನ್ನೆಲ್ಲ ಕವನಾ ಹಲ್ಲು ಕಚ್ಚಿ ಸಹಿಸಿದ್ದಳು. ಆದರೆ ಹೀಗೆ ಮನೆ ಮುಂದೆ ನಿಂತು ಯಾರೂ ಅಬ್ಬರಿಸಿರಲಿಲ್ಲ.

ಭಾನುವಾರ ಲಕ್ಕಮ್ಮನ ಮೊಮ್ಮಗಳು ನಿಸರ್ಗ ಕಿಟಕಿಯ ಸರಳು ಹಿಡಿದು ಪಿಸುಗುಟ್ಟಿದಳು. “ಪೋಸ್ಟಕ್ಕ, ಮಂಗಳವಾರ ಊರೊಳಗೆ ಸಿಕ್ಕೋರು ರಕ್ತ ಕಾರ್ಕಂಡು ಸಾಯ್ತಾರಂತೆ.”

“ಯಾರೇ ಹೇಳಿದ್ದು?”

“ಎಲ್ರೂವೆ. ನಮ್ಮಜ್ಜೀನೂ.”

ಸೋಮವಾರ ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಹತ್ತಾರು ಹುಡುಗರು ಕೂತು ಮಚ್ಚು ಮಸೆಯುತ್ತಿದ್ದರು. ಕವನಾ ಹತ್ತಿರ ಬಂದಾಗ ಸದ್ದು ನಿಂತಿತು. ಅವಳು ದಾಟಿದ ಮೇಲೆ ಮತ್ತೆ ಶುರುವಾಯಿತು.

“ಎಷ್ಟಾಗ್ತವ್ಲಾ ಒಟ್ಟು?”

“ನಾನೂರ ಮೇಲೆ. ಒಂದೇ ಏಟ್ಗೆ ಕತ್ತರಿಸ್ಬೇಕು ಕಣ್ಲಾ, ಹರ್ದು ಚಿಂದಿಯಾಗ್ಬಾರ್ದು.”

ಕವನಾ ಬಿದ್ದೆನೋ ಎದ್ದೆನೋ ಎಂದು ಮನೆ ಸೇರಿದಳು. ಎದುರಿಗೆ ಲಕ್ಕಮ್ಮ ಕೋಳಿಗಳನ್ನು ಹಿಡಿದು ಬುಟ್ಟಿಯಲ್ಲಿ ಮುಚ್ಚುತ್ತಿದ್ದಳು.

“ಅಜ್ಜಿ, ನಾಳೆ ಏನಾಗುತ್ತೆ?”

“ಶಿವಯ್ಯ ಯೋಳ್ಲಿಲ್ವಾ? ಬೆಳಕು ಹರಿಯೋದ್ರೊಳಗೆ ಎದ್ದು ನಡಿ. ಇಂದಕ್ಕೆ ತಿರುಗಿ ನೋಡ್ಬ್ಯಾಡ.” ಮುದುಕಿ ಬುಟ್ಟಿಗೆ ಹಗ್ಗ ಬಿಗಿದಳು. “ನಂಗೂ ಪ್ರತಿ ಸಲ ಎದ್ರಿಕೆನೇ ಕಣವ್ವ.”

ಪ್ರತಿ ಸಲ. ಹಾಗಾದರೆ ತಾನು ಮೊದಲನೆಯವಳಲ್ಲ.

ನಾಲ್ಕು ಗಂಟೆಗೆ ಟ್ರ್ಯಾಕ್ಟರ್ ತುಂಬ ಜಾಲಿಮುಳ್ಳು ಬಂತು. ಊರಿನ ಎರಡು ಬಾಯಿಗೂ ರಾಶಿ ಹಾಕಿದರು. ಎಳೆದು ಮುಚ್ಚಿದರೆ ನಾಯಿಯೂ ನುಸುಳುವಂತಿರಲಿಲ್ಲ.

ಅಲ್ಲಿಗೆ ಅವಳ ಧೈರ್ಯ ಮುಗಿಯಿತು. ಸೀಲು, ಪುಸ್ತಕ, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿದಳು. ಬಾಗಿಲಿಗೆ ಬೀಗ ಹಾಕಿ, ಹಿತ್ತಿಲ ದಾರಿ ಹಿಡಿದು, ಐದರ ಬಸ್ಸು ಹತ್ತಿದಳು. ಹಾಸನದಲ್ಲಿ ಗೆಳತಿ ಪ್ರತಿಭಾಳ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿನ ದೊಡ್ಡ ಅಂಚೆ ಕಚೇರಿಯ ಬಾಗಿಲು ತೆರೆಯುತ್ತಲೇ ರಾಜೀನಾಮೆ ಕೊಟ್ಟಳು.

“ಕಾರಣ ಏನಮ್ಮ?” ಸಾಹೇಬರು ಕೇಳಿದರು.

“ಸ್ವಂತ ಕಾರಣ ಸಾರ್.”

ಪತ್ರಕ್ಕೆ ಸೀಲು ಬಿತ್ತು. ಎದ್ದು ಹೊರಟಳು. ಆ ಊರಿಗೆ ಅವಳು ಮತ್ತೆ ಕಾಲಿಡಲಿಲ್ಲ.

ಬೆಂಗಳೂರಿನ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಾಗ ಫೋನ್ ಬಡಿದುಕೊಂಡಿತು. ಲಕ್ಕಮ್ಮ. ಎತ್ತಿದರೆ ಹಿಂದೆ ನೂರಾರು ಜನರ ಗದ್ದಲ. ಅದರ ನಡುವೆ ಶಿವಯ್ಯನ ಗಂಟಲು: “ಎಲ್ಲವ್ಳೆ ಆ ಪೋಸ್ಟಮ್ಮ? ಅವಳ ತಲೆ ಒಂದು ಸಿಕ್ಕಿದ್ರೆ ಮುಗೀತಿತ್ತು!”

ಕವನಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಎಲ್ಲೋಗಿದ್ದೀಯವ್ವಾ?” ಲಕ್ಕಮ್ಮ ಕೂಗಿದಳು. “ಬೀಗ ನೋಡಿ, ನಮಗಿಂತ ಮುಂಚೇನೆ ಬಂದವ್ಳೆ ಅಂದ್ಕಂಡೆ.”

“ನೀವೇ ನಡಿ ಅಂದ್ರಲ್ಲ ಅಜ್ಜಿ.”

“ನಡಿ ಅಂದ್ರೆ ಬಸ್ ಅತ್ತು ಅಂದ್ನಾ? ಇವತ್ತು ಹೊರಬೀಡು ಕಣವ್ವ! ಊರಿಗೆ ಊರೇ ಮನೆ ಬಿಟ್ಟು ತೋಪ್ನಾಗೆ ಕೂತದೆ. ಬೈಗಾಗೋಗಂಟ ಊರೊಳಗೆ ಮಾರಮ್ಮ ಒಬ್ಳೇ ಓಡಾಡ್ಬೇಕು.”

“ಇದನ್ನ... ಮೊದಲೇ ಯಾಕೆ ಹೇಳಲಿಲ್ಲ?”

“ಯೋಳೋದೇನು ಬಂತು? ಊರ್ಗೆಲ್ಲ ಗೊತ್ತಿರೋದೇ ಅಲ್ವಾ!” ಮುದುಕಿ ಉಸಿರು ಎಳೆದುಕೊಂಡಳು. “ನಾನೂರ ಹನ್ನೆರಡು ಬಾಳೆಲೆ ಆಕಾಯ್ತು. ಒಂದು ತಲೆ ಕಮ್ಮಿಯಾದ್ರೂ ಯಾರೂ ತುತ್ತು ಎತ್ತಂಗಿಲ್ಲ, ಮಕ್ಳು ಅಸ್ಕಂಡು ಅಳ್ತವೆ. ಬಿರ್ರನೆ ಬಾರವ್ವ, ನಿನ್ನೆಲೆ ನನ್ನೆಲೆ ಪಕ್ಕದಾಗೇ ಐತೆ.”